ಬೆಂಗಳೂರಿನಿಂದ ಸ್ಯಾನ್ ಫ್ರಾನ್ಸಿಸ್ಕೊಗೆ: ವಿಮಾನದ ದೂರವನ್ನೂ ಪ್ರಯಾಣದ ಸಮಯವನ್ನೂ ತಪ್ಪಿಲ್ಲದೆ ಲೆಕ್ಕ ಹಾಕುವ ಕ್ರಮ

ಅಮೆರಿಕದಲ್ಲಿರುವ ಮಗಳ ಮನೆಗೆ ಮೊದಲ ಸಲ ಹೊರಟ ತಂದೆ ತಾಯಿ, ಅವರನ್ನು ಕಳುಹಿಸಿಕೊಡುವ ಬಂಧುಗಳು, ಮರಳಿ ಬರುವ ದಿನಕ್ಕೆ ಕಾರು ಗೊತ್ತುಮಾಡುವ ನೆರೆಯವರು ಎಲ್ಲರೂ ಎಡವುವುದು ಒಂದೇ ಲೆಕ್ಕದಲ್ಲಿ. ಸೋಮವಾರ ಮಧ್ಯಾಹ್ನ 2ಕ್ಕೆ ಹೊರಟ ವಿಮಾನ ಸೋಮವಾರವೇ ಸಂಜೆ 5ಕ್ಕೆ ತಲುಪುತ್ತದೆ ಎಂದು ಟಿಕೆಟ್ಟಿನಲ್ಲಿ ಓದಿದವರಿಗೆ ಪ್ರಯಾಣ ಎಷ್ಟು ಗಂಟೆಯದು ಎಂಬುದು ತಿಳಿಯುವುದಿಲ್ಲ. ಎರಡು ದೇಶಗಳ ಗಡಿಯಾರದ ಅಂತರವನ್ನು ಕೂಡಬೇಕಾದಲ್ಲಿ ಕಳೆಯುತ್ತಾರೆ, ಅಂತರ್ಜಾಲದಲ್ಲಿ ಸಿಕ್ಕ ದೂರವನ್ನು ವೇಗದಿಂದ ಭಾಗಿಸಿ ಬಂದ ಉತ್ತರವನ್ನೇ ನಂಬುತ್ತಾರೆ, ಕೊನೆಗೆ ವಿಮಾನ ಇಳಿದ ಮರುರಾತ್ರಿ ಕಾರು ಕಳುಹಿಸುತ್ತಾರೆ.

ಈ ತಪ್ಪುಗಳ ಬೇರು ಒಂದೇ. ಭೂಮಿಯ ಮೇಲಿನ ಕನಿಷ್ಠ ದೂರ, ವಿಮಾನ ಹಾರುವ ಸಮಯ ಮತ್ತು ಮನೆಯಿಂದ ಮನೆಗೆ ಹಿಡಿಯುವ ಸಮಯ ಇವು ಮೂರು ಬೇರೆ ಬೇರೆ ಸಂಖ್ಯೆಗಳು. ಇವನ್ನು ಇದೇ ಕ್ರಮದಲ್ಲಿ, ಒಂದನ್ನು ಮುಗಿಸಿ ಮತ್ತೊಂದಕ್ಕೆ ಹೋಗುವಂತೆ ಲೆಕ್ಕ ಹಾಕಬೇಕು. ಇಲ್ಲಿ ಉದ್ದಕ್ಕೂ ಬೆಂಗಳೂರು ಮತ್ತು ಸ್ಯಾನ್ ಫ್ರಾನ್ಸಿಸ್ಕೊಗಳ ನಡುವಿನ ಪ್ರಯಾಣವನ್ನೇ ಉದಾಹರಣೆಯಾಗಿ ಇಟ್ಟುಕೊಂಡಿದ್ದೇನೆ. ಕ್ರಮ ಮಾತ್ರ ಯಾವ ಎರಡು ಊರುಗಳಿಗಾದರೂ ಅನ್ವಯಿಸುತ್ತದೆ.

## ಮೊದಲು ಕೈಗೆ ಎತ್ತಿಕೊಳ್ಳಬೇಕಾದವು

ಟಿಕೆಟ್ಟಿನ ಪೂರ್ಣ ಪ್ರತಿ, ಒಂದು ಹಾಳೆ, ಪೆನ್ನು, ಸೈನ್ ಮತ್ತು ಕೊಸೈನ್ ಗುಂಡಿಗಳಿರುವ ಕ್ಯಾಲ್ಕ್ಯುಲೇಟರ್ ಇಷ್ಟು ಸಾಕು. ಮೊಬೈಲಿನ ಕ್ಯಾಲ್ಕ್ಯುಲೇಟರಿನ ಸೈಂಟಿಫಿಕ್ ಭಾಗವೂ ಆದೀತು. ಮನೆಯಲ್ಲಿ ಮಕ್ಕಳ ಗ್ಲೋಬ್ ಇದ್ದರೆ ಅದನ್ನೂ ಒಂದು ದಾರವನ್ನೂ ತೆಗೆದಿಡಿ, ಉತ್ತರ ಸರಿಯಿದೆಯೇ ಎಂದು ನೋಡಲು ಅದಕ್ಕಿಂತ ನಂಬಿಕಸ್ಥ ಸಾಧನ ಬೇರೆ ಇಲ್ಲ. ಸಮಯವನ್ನು ಆರಂಭದಿಂದ ಕೊನೆಯವರೆಗೆ 24 ಗಂಟೆಯ ಕ್ರಮದಲ್ಲಿಯೇ ಬರೆಯಿರಿ. ಬೆಳಗ್ಗೆ 2:30 ಮತ್ತು ಮಧ್ಯಾಹ್ನ 2:30ರ ನಡುವಿನ ಗೊಂದಲದಿಂದಲೇ ಅರ್ಧದಷ್ಟು ತಪ್ಪುಗಳು ಹುಟ್ಟುತ್ತವೆ.

## ಹಂತ 1: ನಗರವನ್ನಲ್ಲ, ವಿಮಾನ ನಿಲ್ದಾಣವನ್ನು ಗುರುತಿಸಿ

ವಿಮಾನ ಹಾರುವುದು ನಿಲ್ದಾಣದಿಂದ ನಿಲ್ದಾಣಕ್ಕೆ. ಆದ್ದರಿಂದ ಟಿಕೆಟ್ಟಿನಲ್ಲಿರುವ ಮೂರಕ್ಷರದ ಸಂಕೇತವನ್ನು ನೋಡಿ ಬರೆದುಕೊಳ್ಳಿ: ಬೆಂಗಳೂರಿನ ಕೆಂಪೇಗೌಡ ಅಂತರರಾಷ್ಟ್ರೀಯ ವಿಮಾನ ನಿಲ್ದಾಣಕ್ಕೆ ಬಿಎಲ್‌ಆರ್, ಸ್ಯಾನ್ ಫ್ರಾನ್ಸಿಸ್ಕೊಗೆ ಎಸ್‌ಎಫ್‌ಒ. ಅದೇ ಕೊಲ್ಲಿಯ ಸುತ್ತ ಓಕ್ಲೆಂಡ್ ಮತ್ತು ಸ್ಯಾನ್ ಹೋಸೆ ನಿಲ್ದಾಣಗಳೂ ಇವೆ. ಮಗಳ ಮನೆ ಸನಿವೇಲ್‌ನಲ್ಲಿದ್ದರೆ ಸ್ಯಾನ್ ಹೋಸೆಯೇ ಹತ್ತಿರ.

ಇಲ್ಲಿಯ ದೊಡ್ಡ ಅಪಾಯವೆಂದರೆ ಒಂದೇ ಹೆಸರಿನ ಎರಡು ಊರುಗಳು. ಕ್ಯಾಲಿಫೋರ್ನಿಯಾದ ಸ್ಯಾನ್ ಹೋಸೆಯ ಸಂಕೇತ ಎಸ್‌ಜೆಸಿ; ಎಸ್‌ಜೆಒ ಎಂದಿದ್ದರೆ ಅದು ಮಧ್ಯ ಅಮೆರಿಕದ ಕೋಸ್ಟರಿಕಾ ದೇಶದ ರಾಜಧಾನಿ. ಬರ್ಮಿಂಗ್‌ಹ್ಯಾಮ್ ಇಂಗ್ಲೆಂಡಿನಲ್ಲಿಯೂ ಇದೆ, ಅಮೆರಿಕದ ಅಲಬಾಮಾದಲ್ಲಿಯೂ ಇದೆ. ಸಿಡ್ನಿ ಎಂಬ ಊರು ಕೆನಡಾದಲ್ಲಿಯೂ ಇದೆ. ಹೆಸರನ್ನು ಟೈಪ್ ಮಾಡಿ ಮೊದಲು ಕಂಡದ್ದನ್ನು ಒತ್ತುವ ಅಭ್ಯಾಸವನ್ನು ಈ ಕೆಲಸದ ಮಟ್ಟಿಗಾದರೂ ಬಿಡಬೇಕು.

## ಹಂತ 2: ಅಕ್ಷಾಂಶ, ರೇಖಾಂಶಗಳನ್ನು ದಶಾಂಶಕ್ಕೆ ತನ್ನಿ

ಎರಡೂ ನಿಲ್ದಾಣಗಳ ಸ್ಥಾನವನ್ನು ಬರೆದುಕೊಳ್ಳಿ. ಬೆಂಗಳೂರು ನಿಲ್ದಾಣ ಉತ್ತರ ಅಕ್ಷಾಂಶ 13.20°, ಪೂರ್ವ ರೇಖಾಂಶ 77.71°ಯಲ್ಲಿದೆ. ಸ್ಯಾನ್ ಫ್ರಾನ್ಸಿಸ್ಕೊ ಉತ್ತರ ಅಕ್ಷಾಂಶ 37.62°, ಪಶ್ಚಿಮ ರೇಖಾಂಶ 122.38°ಯಲ್ಲಿದೆ.

ಕೆಲವು ಕಡೆ ಬೆಂಗಳೂರಿನ ಅಕ್ಷಾಂಶ 13° 11′ 56″ ಎಂದು ಡಿಗ್ರಿ, ನಿಮಿಷ, ಸೆಕೆಂಡುಗಳಲ್ಲಿ ಸಿಗುತ್ತದೆ. ಅದನ್ನು 13.1156 ಎಂದು ಬರೆದುಬಿಡುವವರು ಬಹಳ. ನಿಮಿಷವನ್ನು 60ರಿಂದ, ಸೆಕೆಂಡನ್ನು 3,600ರಿಂದ ಭಾಗಿಸಿ ಡಿಗ್ರಿಗೆ ಕೂಡಿಸಬೇಕು, ಆಗ 13.199 ಬರುತ್ತದೆ. ಈ ಒಂದು ತಪ್ಪಿನಿಂದ ನಿಲ್ದಾಣವೇ ಒಂಬತ್ತು ಕಿಲೋಮೀಟರ್ ದಕ್ಷಿಣಕ್ಕೆ ಸರಿದು ಹೋಗುತ್ತದೆ.

ಇದಕ್ಕಿಂತ ಮುಖ್ಯವಾದದ್ದು ಚಿಹ್ನೆ. ಪಶ್ಚಿಮ ರೇಖಾಂಶಕ್ಕೆ ಮತ್ತು ದಕ್ಷಿಣ ಅಕ್ಷಾಂಶಕ್ಕೆ ಋಣ ಚಿಹ್ನೆ ಹಾಕಲೇಬೇಕು. ಸ್ಯಾನ್ ಫ್ರಾನ್ಸಿಸ್ಕೊದ ರೇಖಾಂಶ −122.38. ಹಾಗಾಗಿ ಎರಡು ರೇಖಾಂಶಗಳ ವ್ಯತ್ಯಾಸ 77.71ರಿಂದ −122.38ನ್ನು ಕಳೆದಾಗ ಬರುವ 200.09°.

## ಹಂತ 3: ಭೂಮಿಯ ಮೇಲಿನ ಕನಿಷ್ಠ ದೂರವನ್ನು ತೆಗೆಯಿರಿ

ಭೂಮಿಯನ್ನು ಗೋಳವೆಂದು ಭಾವಿಸಿ ಎರಡು ಬಿಂದುಗಳ ನಡುವೆ ದಾರವನ್ನು ಬಿಗಿಯಾಗಿ ಎಳೆದರೆ ಆ ದಾರ ಸಾಗುವ ದಾರಿಯೇ ಮಹಾವೃತ್ತದ ದಾರಿ. ಅದರ ಉದ್ದವನ್ನು ನಾಲ್ಕು ಸಣ್ಣ ಕೆಲಸಗಳಲ್ಲಿ ಪಡೆಯಬಹುದು.

1. ಎರಡೂ ಅಕ್ಷಾಂಶಗಳ ಸೈನ್‌ಗಳನ್ನು ಗುಣಿಸಿ. 0.2284 × 0.6104 = 0.1394.

2. ಎರಡೂ ಅಕ್ಷಾಂಶಗಳ ಕೊಸೈನ್‌ಗಳನ್ನು ಮತ್ತು ರೇಖಾಂಶ ವ್ಯತ್ಯಾಸದ ಕೊಸೈನನ್ನು ಗುಣಿಸಿ. 0.9736 × 0.7921 × (−0.9392) = −0.7243.

3. ಎರಡನ್ನೂ ಕೂಡಿಸಿ. −0.5849. ಇದರ ವಿಲೋಮ ಕೊಸೈನ್ (ಕ್ಯಾಲ್ಕ್ಯುಲೇಟರಿನಲ್ಲಿ cos⁻¹ ಗುಂಡಿ) 125.8°. ಇದು ಭೂಮಿಯ ಕೇಂದ್ರದಲ್ಲಿ ಎರಡು ಊರುಗಳ ನಡುವೆ ಉಂಟಾಗುವ ಕೋನ.

4. ಆ ಕೋನವನ್ನು 111.2ರಿಂದ ಗುಣಿಸಿ. ಒಂದು ಡಿಗ್ರಿಗೆ ಭೂಮಿಯ ಮೇಲೆ ಸುಮಾರು 111.2 ಕಿ.ಮೀ. ಆಗುವುದರಿಂದ ದೂರ ಹತ್ತಿರ ಹತ್ತಿರ 13,990 ಕಿ.ಮೀ. ಎಂದು ಬರುತ್ತದೆ.

ಏರ್ ಇಂಡಿಯಾ ಈ ಮಾರ್ಗದಲ್ಲಿ 2021ರ ಜನವರಿಯಲ್ಲಿ ತಡೆರಹಿತ ಸಂಚಾರ ಆರಂಭಿಸಿದಾಗ ಪ್ರಕಟಿಸಿದ ನೇರ ದೂರ 13,993 ಕಿ.ಮೀ. ನಮ್ಮ ಕೈಲೆಕ್ಕ ಅದಕ್ಕೆ ಹೊಂದಿಕೊಳ್ಳುತ್ತದೆ. ಭೂಮಿ ಧ್ರುವಗಳಲ್ಲಿ ಸ್ವಲ್ಪ ಚಪ್ಪಟೆಯಾಗಿರುವುದನ್ನೂ ಲೆಕ್ಕಕ್ಕೆ ತೆಗೆದುಕೊಳ್ಳುವ ತಾಣಗಳು ಇನ್ನೂ ಹತ್ತು ಹದಿನೈದು ಕಿ.ಮೀ. ಹೆಚ್ಚು ತೋರಿಸುತ್ತವೆ, ಅದಕ್ಕಾಗಿ ತಲೆ ಕೆಡಿಸಿಕೊಳ್ಳಬೇಕಾಗಿಲ್ಲ.

ಉತ್ತರ ತಪ್ಪಿದಾಗ ಅದು ತಾನಾಗಿಯೇ ಸುಳಿವು ಕೊಡುತ್ತದೆ. ನಿಮಗೆ 5,175 ಕಿ.ಮೀ. ಬಂದಿದ್ದರೆ ಪಶ್ಚಿಮ ರೇಖಾಂಶದ ಋಣ ಚಿಹ್ನೆಯನ್ನು ಬಿಟ್ಟಿದ್ದೀರಿ ಎಂದೇ ಅರ್ಥ. ಲೆಕ್ಕ ಸ್ಯಾನ್ ಫ್ರಾನ್ಸಿಸ್ಕೊವನ್ನು ಚೀನಾದ ಪಕ್ಕದ ಸಮುದ್ರಕ್ಕೆ ಒಯ್ದಿದೆ. ಉತ್ತರ 20,000 ಕಿ.ಮೀ. ದಾಟಿದರೂ ಅದು ತಪ್ಪೇ, ಏಕೆಂದರೆ ಭೂಮಿಯ ಸುತ್ತಳತೆ 40,000 ಕಿ.ಮೀ. ಆಗಿರುವಾಗ ಯಾವ ಎರಡು ಊರುಗಳ ಕನಿಷ್ಠ ದೂರವೂ ಅದರ ಅರ್ಧವನ್ನು ಮೀರಲಾರದು. ಉತ್ತರಕ್ಕೆ ತಲೆಯೂ ಇಲ್ಲ ಬುಡವೂ ಇಲ್ಲ ಎನ್ನಿಸಿದರೆ ಕ್ಯಾಲ್ಕ್ಯುಲೇಟರಿನಲ್ಲಿ 30ರ ಸೈನ್ ತೆಗೆದು ನೋಡಿ. 0.5 ಬರದಿದ್ದರೆ ಯಂತ್ರ ಡಿಗ್ರಿಯ ಬದಲು ರೇಡಿಯನ್‌ನಲ್ಲಿದೆ.

ಗ್ಲೋಬ್ ಇರುವವರು ದಾರವನ್ನು ಎರಡು ಊರುಗಳ ಮೇಲೆ ಬಿಗಿಹಿಡಿದು ಅಳೆಯಲಿ. 30 ಸೆಂ.ಮೀ. ವ್ಯಾಸದ ಗ್ಲೋಬಿನಲ್ಲಿ ಒಂದು ಸೆಂಟಿಮೀಟರಿಗೆ ಸುಮಾರು 425 ಕಿ.ಮೀ. ಆಗುತ್ತದೆ, ದಾರದ ಉದ್ದ 33 ಸೆಂ.ಮೀ. ಹತ್ತಿರ ಇರಬೇಕು. ಗೋಡೆಯ ಮೇಲಿನ ಚಪ್ಪಟೆ ನಕ್ಷೆಯಲ್ಲಿ ಮಾತ್ರ ಅಳತೆಪಟ್ಟಿ ಇಡಬೇಡಿ. ಆ ನಕ್ಷೆಗಳು ಧ್ರುವದ ಕಡೆಯ ಪ್ರದೇಶಗಳನ್ನು ಹಿಗ್ಗಿಸಿ ತೋರಿಸುವುದರಿಂದ ನೇರ ಗೆರೆ ಅಲ್ಲಿ ಕನಿಷ್ಠ ದಾರಿಯಾಗಿರುವುದಿಲ್ಲ.

ಘಟಕವನ್ನೂ ನೋಡಿಕೊಳ್ಳಿ. ವೈಮಾನಿಕರು ಬಳಸುವ ನಾಟಿಕಲ್ ಮೈಲಿ 1.852 ಕಿ.ಮೀ., ರಸ್ತೆಯ ಮೈಲಿ 1.609 ಕಿ.ಮೀ. ಬರಿಯ ಮೈಲಿ ಎಂದು ಕಂಡಾಗ ಯಾವುದೆಂದು ಖಚಿತಪಡಿಸಿಕೊಳ್ಳದೆ ಮುಂದಕ್ಕೆ ಹೋಗಬಾರದು.

## ಹಂತ 4: ವಿಮಾನ ನಿಜವಾಗಿ ಸಾಗುವ ದಾರಿಗೆ ದೂರವನ್ನು ಹೆಚ್ಚಿಸಿ

ಇಲ್ಲಿಯವರೆಗೆ ಸಿಕ್ಕಿದ್ದು ಗೋಳದ ಮೇಲಿನ ದಾರದ ಉದ್ದ. ಬೆಂಗಳೂರಿನಿಂದ ಎಳೆದ ಆ ದಾರ ಪೂರ್ವಕ್ಕೂ ಹೋಗುವುದಿಲ್ಲ, ಪಶ್ಚಿಮಕ್ಕೂ ಹೋಗುವುದಿಲ್ಲ. ಉತ್ತರದಿಂದ ಸುಮಾರು 20° ಮಾತ್ರ ಪೂರ್ವಕ್ಕೆ ವಾಲಿ ನೇಪಾಳ, ಟಿಬೆಟ್, ಪಶ್ಚಿಮ ಚೀನಾ, ಮಂಗೋಲಿಯಾ, ಸೈಬೀರಿಯಾಗಳನ್ನು ದಾಟಿ, ಉತ್ತರ ಅಕ್ಷಾಂಶ 71°ಯವರೆಗೆ ಏರಿ, ಅಲಾಸ್ಕಾದ ಮೇಲಿಂದ ಕ್ಯಾಲಿಫೋರ್ನಿಯಾಕ್ಕೆ ಇಳಿಯುತ್ತದೆ. ವಿಮಾನ ಈ ದಾರಿಯನ್ನು ಹಾಗೆಯೇ ಹಿಡಿಯಲಾರದು.

ಮೊದಲ ಅಡ್ಡಿ ಟಿಬೆಟ್ ಪ್ರಸ್ಥಭೂಮಿ. ವಿಮಾನದೊಳಗಿನ ಗಾಳಿಯ ಒತ್ತಡ ಕುಸಿದರೆ ಪೈಲಟ್ ಉಸಿರಾಡಲು ಆಗುವಷ್ಟು ಕೆಳಗೆ, ಅಂದರೆ ಸುಮಾರು 10,000 ಅಡಿಗೆ, ಬೇಗನೆ ಇಳಿಯಬೇಕಾಗುತ್ತದೆ. ನೆಲವೇ ಅದಕ್ಕಿಂತ ಎತ್ತರದಲ್ಲಿರುವ ಟಿಬೆಟ್ಟಿನ ಮೇಲೆ ಹಾಗೆ ಇಳಿಯಲು ಜಾಗವಿಲ್ಲ. ಎರಡನೆಯ ಅಡ್ಡಿ ಮುಚ್ಚಿದ ವಾಯುಪ್ರದೇಶ: 2022ರಿಂದ ಅಮೆರಿಕದ ವಿಮಾನ ಸಂಸ್ಥೆಗಳಿಗೆ ರಷ್ಯಾದ ಆಕಾಶ ಮುಚ್ಚಿದೆ, 2025ರ ಏಪ್ರಿಲ್‌ನಲ್ಲಿ ಪಾಕಿಸ್ತಾನ ಭಾರತದ ವಿಮಾನಗಳಿಗೆ ತನ್ನ ಆಕಾಶವನ್ನು ಮುಚ್ಚಿತು. ಮೂರನೆಯದು ಗಾಳಿ. ಮೇಲಿನ ಆಕಾಶದಲ್ಲಿ ಪಶ್ಚಿಮದಿಂದ ಪೂರ್ವಕ್ಕೆ ರಭಸವಾಗಿ ಬೀಸುವ ಜೆಟ್ ಸ್ಟ್ರೀಮ್ ಎಂಬ ಗಾಳಿಯ ಹೊನಲಿನಲ್ಲಿ ಸೇರಿಕೊಳ್ಳಲು ಅಥವಾ ಅದರಿಂದ ತಪ್ಪಿಸಿಕೊಳ್ಳಲು ವಿಮಾನ ಬೇಕೆಂದೇ ಉದ್ದದ ದಾರಿ ಹಿಡಿಯುತ್ತದೆ. 2021ರ ಆ ಮೊದಲ ವಿಮಾನ ಸ್ಯಾನ್ ಫ್ರಾನ್ಸಿಸ್ಕೊದಿಂದ ಬೆಂಗಳೂರಿಗೆ ಬಂದದ್ದು ಉತ್ತರ ಧ್ರುವದ ಮೇಲಿಂದ.

ಆದ್ದರಿಂದ ಕನಿಷ್ಠ ದೂರಕ್ಕೆ ಶೇಕಡ 5ರಷ್ಟು ಸೇರಿಸಿ. ದಾರಿಯಲ್ಲಿ ಮುಚ್ಚಿದ ಆಕಾಶವಿದ್ದರೆ ಶೇಕಡ 8 ಅಥವಾ 10 ಸೇರಿಸುವುದು ಸುರಕ್ಷಿತ. ನಮ್ಮ 13,990 ಈಗ ಸುಮಾರು 14,690 ಕಿ.ಮೀ. ಆಯಿತು.

## ಹಂತ 5: ದೂರದಿಂದ ಹಾರಾಟದ ಸಮಯಕ್ಕೆ ಬನ್ನಿ

ಬೋಯಿಂಗ್ 777, 787ರಂತಹ ದೊಡ್ಡ ವಿಮಾನಗಳು ಎತ್ತರದಲ್ಲಿ ಗಂಟೆಗೆ ಸುಮಾರು 900 ಕಿ.ಮೀ. ವೇಗದಲ್ಲಿ ಸಾಗುತ್ತವೆ. ಏರ್‌ಬಸ್ 320ಕ್ಕೆ 830 ಎಂದೂ, ಹುಬ್ಬಳ್ಳಿ, ಮೈಸೂರುಗಳಂತಹ ಊರುಗಳಿಗೆ ಹಾರುವ ಪ್ರೊಪೆಲರ್‌ನ ಎಟಿಆರ್ ವಿಮಾನಕ್ಕೆ 500 ಎಂದೂ ಹಿಡಿದುಕೊಳ್ಳಿ. 14,690ನ್ನು 900ರಿಂದ ಭಾಗಿಸಿದರೆ 16 ಗಂಟೆ 20 ನಿಮಿಷ. ಇದಕ್ಕೆ ರನ್‌ವೇವರೆಗೆ ಸಾಗುವುದು, ಮೇಲೇರುವುದು, ಇಳಿಯುವುದು, ಗೇಟಿಗೆ ಬರುವುದು ಎಂದು ಅರ್ಧ ಗಂಟೆ ಸೇರಿಸಿ. ಗಾಳಿಯೇ ಇಲ್ಲದ ದಿನ 16 ಗಂಟೆ 50 ನಿಮಿಷ ಬೇಕು.

ಆದರೆ ಗಾಳಿ ಇಲ್ಲದ ದಿನವಿಲ್ಲ. ಪೂರ್ವಕ್ಕೆ ಹೋಗುವಾಗ ಹಿಂದಿನಿಂದ ಸರಾಸರಿ 50 ಕಿ.ಮೀ. ವೇಗದ ಗಾಳಿ ತಳ್ಳಿದರೆ ನೆಲದ ಮೇಲಿನ ವೇಗ 950 ಆಗಿ ಒಟ್ಟು ಸಮಯ 16 ಗಂಟೆಗೆ ಇಳಿಯುತ್ತದೆ. ಅದೇ ಗಾಳಿ ಎದುರಾದರೆ ವೇಗ 850 ಆಗಿ ಸಮಯ 17 ಗಂಟೆ 45 ನಿಮಿಷ ದಾಟುತ್ತದೆ. ಹಿಂಗಾಳಿ ಉಳಿಸಿಕೊಟ್ಟದ್ದು 52 ನಿಮಿಷ, ಎದುರುಗಾಳಿ ಕಸಿದುಕೊಂಡದ್ದು 58 ನಿಮಿಷ. ಹೋಗುವ ಸಮಯವನ್ನು ಎರಡರಿಂದ ಗುಣಿಸಿ ಹೋಗಿಬರುವ ಸಮಯ ಎನ್ನುವುದು ಇದೇ ಕಾರಣಕ್ಕೆ ತಪ್ಪು. ಎರಡು ದಿಕ್ಕುಗಳನ್ನೂ ಬೇರೆ ಬೇರೆಯಾಗಿಯೇ ಲೆಕ್ಕ ಹಾಕಬೇಕು.

ಸಣ್ಣ ದೂರಗಳಲ್ಲಿ ಈ ಭಾಗಾಕಾರವನ್ನು ನಂಬಬೇಡಿ. ಬೆಂಗಳೂರಿನಿಂದ ಮಂಗಳೂರಿಗೆ ಗಾಳಿಯಲ್ಲಿ ಸುಮಾರು 300 ಕಿ.ಮೀ.; ಟಿಕೆಟ್ಟಿನಲ್ಲಿ ಬರೆದಿರುವುದು ಹೆಚ್ಚು ಕಡಿಮೆ ಒಂದು ಗಂಟೆ. ಅಲ್ಲಿ ಬಹುಪಾಲು ಸಮಯ ಹೋಗುವುದು ಏರಿ ಇಳಿಯುವುದರಲ್ಲಿ.

## ಹಂತ 6: ಟಿಕೆಟ್ಟಿನ ಗಡಿಯಾರವನ್ನು ಒಂದೇ ಗಡಿಯಾರಕ್ಕೆ ತನ್ನಿ

ಅತಿ ಹೆಚ್ಚು ಜನ ಎಡವುವುದು ಇಲ್ಲಿಯೇ, ಆದ್ದರಿಂದ ಇಲ್ಲಿ ನಿಧಾನವಾಗಿ ಸಾಗೋಣ. ಟಿಕೆಟ್ಟಿನಲ್ಲಿ ಅಚ್ಚಾಗಿರುವ ಪ್ರತಿಯೊಂದು ಸಮಯವೂ ಆಯಾ ಊರಿನ ಗೋಡೆ ಗಡಿಯಾರದ ಸಮಯ. ಎರಡು ಬೇರೆ ಗಡಿಯಾರಗಳ ಸಮಯಗಳನ್ನು ಒಂದರಿಂದೊಂದು ಕಳೆಯಬಾರದು. ಮೊದಲು ಎರಡನ್ನೂ ಗ್ರೀನಿಚ್ ಆಧಾರಿತ ಯುಟಿಸಿ ಸಮಯಕ್ಕೆ ಬದಲಾಯಿಸಿ, ನಂತರವೇ ಕಳೆಯಿರಿ.

ಭಾರತದ ಸಮಯದಿಂದ 5 ಗಂಟೆ 30 ನಿಮಿಷ ಕಳೆದರೆ ಯುಟಿಸಿ ಸಿಗುತ್ತದೆ. ಕ್ಯಾಲಿಫೋರ್ನಿಯಾದ ಸಮಯಕ್ಕೆ ಚಳಿಗಾಲದಲ್ಲಿ 8 ಗಂಟೆ, ಬೇಸಿಗೆಯಲ್ಲಿ 7 ಗಂಟೆ ಕೂಡಿಸಬೇಕು. ಅಮೆರಿಕದಲ್ಲಿ ಮಾರ್ಚ್ ತಿಂಗಳ ಎರಡನೆಯ ಭಾನುವಾರ ಗಡಿಯಾರವನ್ನು ಒಂದು ಗಂಟೆ ಮುಂದಕ್ಕೆ ತಿರುಗಿಸಿ ನವೆಂಬರ್‌ನ ಮೊದಲ ಭಾನುವಾರ ಹಿಂದಕ್ಕೆ ತರುತ್ತಾರೆ. ಭಾರತದಲ್ಲಿ ಈ ಪದ್ಧತಿ ಇಲ್ಲವಾದ್ದರಿಂದ ಎರಡು ಊರುಗಳ ಅಂತರ ಚಳಿಗಾಲದಲ್ಲಿ ಹದಿಮೂರೂವರೆ ಗಂಟೆ, ಬೇಸಿಗೆಯಲ್ಲಿ ಹನ್ನೆರಡೂವರೆ ಗಂಟೆ.

ಉದಾಹರಣೆಗೆ, ಡಿಸೆಂಬರ್‌ನ ಒಂದು ಟಿಕೆಟ್ಟಿನಲ್ಲಿ ಬೆಂಗಳೂರಿನಿಂದ ಸೋಮವಾರ 14:00ಕ್ಕೆ ಹೊರಟು ಸ್ಯಾನ್ ಫ್ರಾನ್ಸಿಸ್ಕೊಗೆ ಸೋಮವಾರ 17:00ಕ್ಕೆ ತಲುಪುತ್ತದೆ ಎಂದಿರಲಿ. ಹೊರಡುವುದು ಯುಟಿಸಿಯಲ್ಲಿ ಸೋಮವಾರ 08:30. ತಲುಪುವುದು 17ಕ್ಕೆ 8 ಕೂಡಿಸಿ 25, ಅಂದರೆ ಮಂಗಳವಾರ 01:00. ನಡುವೆ ಇರುವುದು 16 ಗಂಟೆ 30 ನಿಮಿಷ. ಹಂತ 5ರಲ್ಲಿ ನಾವು ಪಡೆದ ಅಂದಾಜಿನೊಳಗೆ ಇದು ಬೀಳುವುದರಿಂದ ಲೆಕ್ಕ ಸರಿಯಿದೆ. ಇದೇ ಸಮಯಗಳು ಜುಲೈ ತಿಂಗಳ ಟಿಕೆಟ್ಟಿನಲ್ಲಿದ್ದರೆ ಹಾರಾಟ 15 ಗಂಟೆ 30 ನಿಮಿಷದ್ದು. ತಿಂಗಳನ್ನು ನೋಡದೆ ಅಂತರ ಹಾಕಿದವರಿಗೆ ಒಂದು ಗಂಟೆ ತಪ್ಪುತ್ತದೆ.

ಮರಳುವಾಗ ದಿನಾಂಕವೇ ಜಾರುತ್ತದೆ. ಡಿಸೆಂಬರ್‌ನಲ್ಲಿ ಸ್ಯಾನ್ ಫ್ರಾನ್ಸಿಸ್ಕೊದಿಂದ ಮಂಗಳವಾರ 20:00ಕ್ಕೆ ಹೊರಟರೆ ಯುಟಿಸಿಯಲ್ಲಿ ಬುಧವಾರ 04:00. 17 ಗಂಟೆ ಹಾರಿದ ಮೇಲೆ ಬುಧವಾರ 21:00. ಅದಕ್ಕೆ ಐದೂವರೆ ಗಂಟೆ ಕೂಡಿಸಿದರೆ ಬೆಂಗಳೂರಿನಲ್ಲಿ ಗುರುವಾರ 02:30. ಟಿಕೆಟ್ಟಿನ ಮೂಲೆಯಲ್ಲಿ ಸಣ್ಣದಾಗಿ +2 ಎಂದು ಇರುವುದು ಇದನ್ನೇ ಹೇಳುತ್ತದೆ. ಮಂಗಳವಾರ ರಾತ್ರಿ ಹೊರಟವರು ಬುಧವಾರವನ್ನು ಪೂರ್ತಿ ಆಕಾಶದಲ್ಲಿ ಕಳೆಯುತ್ತಾರೆ.

ತಾಳೆ ನೋಡಲು ಒಂದು ಸುಲಭ ಉಪಾಯವಿದೆ. ಕನಿಷ್ಠ ದೂರವನ್ನು ಈಗ ಸಿಕ್ಕ ಗಂಟೆಗಳಿಂದ ಭಾಗಿಸಿ. 13,990ನ್ನು 16.5ರಿಂದ ಭಾಗಿಸಿದರೆ ಗಂಟೆಗೆ 848 ಕಿ.ಮೀ. ದೀರ್ಘ ಪ್ರಯಾಣಗಳಲ್ಲಿ ಈ ಸಂಖ್ಯೆ 750ರಿಂದ 950ರ ನಡುವೆ ಇರಬೇಕು. 600 ಬಂದರೆ ನಡುವೆ ಎಲ್ಲೋ ಇಳಿಯುವ ವಿಮಾನ ಅದು, ಇಲ್ಲವೇ ಗಡಿಯಾರದ ಅಂತರ ತಪ್ಪಾಗಿದೆ. ಸಾವಿರವನ್ನು ಬಹಳ ಮೀರಿದರೆ ಕೂಡಬೇಕಾದಲ್ಲಿ ಕಳೆದಿದ್ದೀರಿ.

## ಹಂತ 7: ನಡುವೆ ವಿಮಾನ ಬದಲಿಸುವುದಿದ್ದರೆ

ಡೈರೆಕ್ಟ್ ಎಂಬ ಪದಕ್ಕೆ ಮೋಸ ಹೋಗಬೇಡಿ. ಒಂದೇ ಸಂಖ್ಯೆಯ ವಿಮಾನ ನಡುವೆ ಒಂದು ಕಡೆ ಇಳಿದು ಮತ್ತೆ ಹಾರಿದರೂ ಅದನ್ನು ಡೈರೆಕ್ಟ್ ಎನ್ನುತ್ತಾರೆ. ಎಲ್ಲಿಯೂ ಇಳಿಯದ್ದು ನಾನ್‌ಸ್ಟಾಪ್ ಮಾತ್ರ.

ದುಬೈ ಮೂಲಕ ಹೋದರೆ 2,690 ಮತ್ತು 13,020 ಸೇರಿ 15,710 ಕಿ.ಮೀ.; ಫ್ರಾಂಕ್‌ಫರ್ಟ್ ಮೂಲಕ 7,400 ಮತ್ತು 9,150 ಸೇರಿ 16,550 ಕಿ.ಮೀ. ಹೆಚ್ಚಾಗುವ ದೂರಕ್ಕೆ ಎರಡು ಮೂರು ಗಂಟೆ ಸಾಕು. ಪ್ರಯಾಣವನ್ನು ಉದ್ದ ಮಾಡುವುದು ನಡುವಿನ ಕಾಯುವಿಕೆ. ಅದನ್ನು ಕಂಡುಹಿಡಿಯುವುದು ಸುಲಭ, ಏಕೆಂದರೆ ಇಳಿಯುವುದೂ ಹೊರಡುವುದೂ ಅದೇ ಊರಿನ ಗಡಿಯಾರದಲ್ಲಿ, ನೇರವಾಗಿ ಕಳೆಯಬಹುದು.

ಡಿಸೆಂಬರ್‌ನಲ್ಲಿ ಬೆಂಗಳೂರಿನಿಂದ 04:30ಕ್ಕೆ ಹೊರಟು ದುಬೈಗೆ 07:00ಕ್ಕೆ ತಲುಪಿ, 09:00ಕ್ಕೆ ಹೊರಟು ಸ್ಯಾನ್ ಫ್ರಾನ್ಸಿಸ್ಕೊಗೆ ಅದೇ ದಿನ 13:00ಕ್ಕೆ ತಲುಪುವ ಟಿಕೆಟ್ ಇದ್ದರೆ, ದುಬೈ ನಮಗಿಂತ ಒಂದೂವರೆ ಗಂಟೆ ಹಿಂದಿರುವುದರಿಂದ ಮೊದಲ ಹಾರಾಟ 4 ಗಂಟೆ, ಕಾಯುವುದು 2 ಗಂಟೆ, ಎರಡನೆಯ ಹಾರಾಟ 16 ಗಂಟೆ. ಒಟ್ಟು 22. ಈಗ ನಡುವಿನದನ್ನು ಮರೆತು ಮೊದಲ ಸಮಯವನ್ನೂ ಕೊನೆಯ ಸಮಯವನ್ನೂ ಮಾತ್ರ ಯುಟಿಸಿಗೆ ತಂದು ಕಳೆಯಿರಿ. ಅಲ್ಲಿಯೂ 22 ಬರಬೇಕು. ಬಾರದಿದ್ದರೆ ಯಾವುದೋ ಒಂದು ಹಾರಾಟದಲ್ಲಿ ತಪ್ಪಿದ್ದೀರಿ.

ಎರಡು ಗಂಟೆಯ ಅಂತರ ಕಾಗದದ ಮೇಲೆ ಸಾಕೆನಿಸಿದರೂ ವಯಸ್ಸಾದವರಿಗೆ, ವೀಲ್‌ಚೇರ್ ಕೇಳಿದವರಿಗೆ ನಾನು ಮೂರು ಗಂಟೆಗಿಂತ ಕಡಿಮೆಯದನ್ನು ಒಪ್ಪುವುದಿಲ್ಲ. ಅಮೆರಿಕದೊಳಗೆ ವಿಮಾನ ಬದಲಿಸುವುದಿದ್ದರೆ ಮೊದಲು ಇಳಿದ ನಿಲ್ದಾಣದಲ್ಲಿಯೇ ಇಮಿಗ್ರೇಷನ್ ಮುಗಿಸಿ, ಸಾಮಾನ್ಯವಾಗಿ ಸೂಟ್‌ಕೇಸ್‌ಗಳನ್ನೂ ತೆಗೆದುಕೊಂಡು ಮತ್ತೆ ಒಪ್ಪಿಸಬೇಕು. ಅಬುಧಾಬಿಯ ಮೂಲಕ ಹೋಗುವವರಿಗೆ ಅಮೆರಿಕದ ಇಮಿಗ್ರೇಷನ್ ತಪಾಸಣೆ ಅಬುಧಾಬಿಯಲ್ಲಿಯೇ ನಡೆಯುತ್ತದೆ. ಅವರಿಗೆ ಹೆಚ್ಚಿನ ಸಮಯ ಬೇಕಾಗುವುದು ಅಲ್ಲಿ.

## ಹಂತ 8: ಮನೆಯಿಂದ ಮನೆಗೆ

ಕೊನೆಯ ಸಂಖ್ಯೆ ಇದು. ಶಿವಮೊಗ್ಗದಿಂದ ಹೊರಡುವವರಿಗೆ ದೇವನಹಳ್ಳಿಯ ನಿಲ್ದಾಣಕ್ಕೆ ರಸ್ತೆಯಲ್ಲಿ ಊಟ ತಿಂಡಿ ಸೇರಿ 7 ಗಂಟೆ, ವಿಮಾನಕ್ಕೆ ಮೊದಲು 3 ಗಂಟೆ, ಹಾರಾಟ ಹದಿನಾರೂವರೆ, ಇಳಿದ ಮೇಲೆ ಇಮಿಗ್ರೇಷನ್‌ಗೂ ಲಗೇಜಿಗೂ 2, ಮಗಳ ಮನೆಗೆ 1 ಎಂದು ಇಟ್ಟರೆ ಇಪ್ಪತ್ತೊಂಬತ್ತೂವರೆ ಗಂಟೆ. ಚೆಕ್-ಇನ್ ಕೌಂಟರುಗಳು ವಿಮಾನ ಹೊರಡುವುದಕ್ಕೆ ಸಾಮಾನ್ಯವಾಗಿ ಒಂದು ಗಂಟೆ ಮೊದಲೇ ಮುಚ್ಚುವುದರಿಂದ ಆ 3 ಗಂಟೆಯಲ್ಲಿ ಉಳಿತಾಯ ಮಾಡಲು ಹೋಗಬೇಡಿ. ಬೆಂಗಳೂರಿನಲ್ಲಿ ಅಂತರರಾಷ್ಟ್ರೀಯ ವಿಮಾನಗಳು 2023ರ ಸೆಪ್ಟೆಂಬರ್‌ನಿಂದ ಎರಡನೆಯ ಟರ್ಮಿನಲ್‌ನಲ್ಲಿವೆ. ಡ್ರೈವರಿಗೆ ಅದನ್ನು ಮೊದಲೇ ಹೇಳಿಡಿ.

ಸಕ್ಕರೆ ಕಾಯಿಲೆಗೆ, ರಕ್ತದೊತ್ತಡಕ್ಕೆ ಮಾತ್ರೆ ಅಥವಾ ಇನ್ಸುಲಿನ್ ತೆಗೆದುಕೊಳ್ಳುವವರಿಗೆ ಈ ಒಟ್ಟು ಗಂಟೆಗಳೇ ಮುಖ್ಯ, ಗೋಡೆ ಗಡಿಯಾರವಲ್ಲ. ನಿಮ್ಮ ಲೆಕ್ಕದ ಹಾಳೆಯನ್ನು ವೈದ್ಯರಿಗೆ ತೋರಿಸಿ, ಹೊರಟಾಗಿನಿಂದ ಎಷ್ಟನೆಯ ಗಂಟೆಗೆ ಯಾವ ಔಷಧಿ ಎಂಬುದನ್ನು ಅದರ ಮೇಲೆಯೇ ಬರೆಸಿಕೊಳ್ಳಿ. ಆ ಔಷಧಿ ಸೂಟ್‌ಕೇಸಿನಲ್ಲಲ್ಲ, ಕೈಚೀಲದಲ್ಲಿರಲಿ.

ಮರಳಿ ಬರುವವರಿಗೆ ಕಾರು ಗೊತ್ತುಮಾಡುವಾಗ ಬರಿಯ ದಿನಾಂಕವನ್ನು ಹೇಳಬೇಡಿ. ಗುರುವಾರ 02:30 ಎಂದರೆ ಕೇಳಿದವರು ಗುರುವಾರ ರಾತ್ರಿ ಎಂದುಕೊಳ್ಳುವ ಸಂಭವವೇ ಹೆಚ್ಚು. ಬುಧವಾರ ರಾತ್ರಿ ಕಳೆದು ಗುರುವಾರದ ಬೆಳಗಿನ ಜಾವ ಎರಡೂವರೆಗೆ ವಿಮಾನ ಇಳಿಯುತ್ತದೆ, ಶಿವಮೊಗ್ಗದಿಂದ ಬುಧವಾರ ಸಂಜೆ 7ರೊಳಗೆ ಹೊರಡಬೇಕು, ಅವರು ಹೊರಗೆ ಬರುವಾಗ ಮೂರೂ ಮುಕ್ಕಾಲು ಆಗಬಹುದು ಎಂದು ಪೂರ್ತಿ ವಾಕ್ಯದಲ್ಲಿ ಬರೆದು ಕಳುಹಿಸಿ, ಓದಿದವರಿಂದ ಅದನ್ನು ಒಮ್ಮೆ ಬಾಯಿಬಿಟ್ಟು ಹೇಳಿಸಿ.